ಕಿವಿರು ಕೆಂಪಿತ್ತಾ

ಪಂಪು ಕೆಟ್ಟು ಜೆನೋವಾದಲ್ಲಿ
ಹಡಗು ಮೂರು ದಿನ ನಿಂತಿತ್ತು.
ಉಳಿದವರು ಸಿಮ್ ಕಾರ್ಡು, ಬಿಯರು ಹುಡುಕಿ ಹೋದರು.
ನಾನು ಎಣ್ಣೆ ಹಿಡಿದ ಉಗುರನ್ನು ಜೇಬಲ್ಲಿಟ್ಟುಕೊಂಡು
ಅರಮನೆಗಳ ಬೀದಿಗೆ ಹೋದೆ.
ಯಾಕೆಂದು ಕೇಳಬೇಡಿ. ಮಳೆ ಬರುತ್ತಿತ್ತು, ಅಷ್ಟೆ.

ಬೋಳೂರಿನ ಜಗಲಿಯಲ್ಲಿ ಕೂತು
ವಾರಿಜ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳುತ್ತಿದ್ದೆ.
ಅವಳು ಬೂತಾಯಿ ಹೆರೆಯುತ್ತಿದ್ದಳು,
ಹೂಂಗುಟ್ಟುವುದಕ್ಕೊಂದು ಹುರುಪೆ ಹಾರಿಸುತ್ತ.

ಟಿಕೇಟು ಒಂಬತ್ತು ಯೂರೋ, ಚಿಕ್ಕಮ್ಮ.
ಅವಳ ತುಟಿ ಅಲುಗಿತು. ಬಂಗುಡೆಯ ಲೆಕ್ಕ.
ಬೀದಿಗೆ ಬೀದಿಯೇ ಅರಮನೆ.
"ಒಬ್ಬ ರಾಜನಿಗೆ ಅಷ್ಟೊಂದಾ?"
ರಾಜನದ್ದಲ್ಲ. ಸಾಲ ಕೊಡುವವರದ್ದು, ಹಡಗಿನ ವ್ಯಾಪಾರದವರದ್ದು.
"ಹಾಗೆ ಹೇಳು. ಬಂದರಿನ ಸಾಹುಕಾರರು."
ಗೋಡೆಯ ಫಲಕ ಎರಡು ಸಲ ಓದಿಯೂ
ನನಗೆ ಇಷ್ಟು ಬೇಗ ಹೊಳೆದಿರಲಿಲ್ಲ.

ಗೋಡೆಯ ಮೇಲೆ ಕಿಟಕಿ ಬರೆದಿದ್ದಾರೆ,
ಬಣ್ಣದ್ದೇ ದಾರಂದ, ಅರ್ಧ ತೆರೆದ ಬಣ್ಣದ ಬಾಗಿಲು.
"ಗಾಳಿ?"
ಬರುವುದಿಲ್ಲ.
"ಮತ್ತೆ ಎಂತಕ್ಕೆ?"
ಕತ್ತಿ ಒಮ್ಮೆ ನಿಂತು, ಮತ್ತೆ ಹೊರಟಿತು.

ಒಂದು ಕೋಣೆಯಲ್ಲಿ ಮೀನಿನ ಚಿತ್ರ ಇತ್ತು, ಎಂದೆ,
ಅವಳನ್ನು ಮೆಚ್ಚಿಸಲಿಕ್ಕೆ.
ಕಪ್ಪು ಕತ್ತಲೆ, ತಾಮ್ರದ ಹರಿವಾಣ, ಹೆಚ್ಚಿದ ನಿಂಬೆ,
ನಾನೂರು ವರ್ಷದಿಂದ ಬಿದ್ದುಕೊಂಡಿರುವ ಮೂರು ಮೀನು.
ಅವಳು ತಲೆ ಎತ್ತಿದಳು.
"ಕಿವಿರು ಕೆಂಪಿತ್ತಾ?"

ನೋಡಿರಲಿಲ್ಲ.
ಚೌಕಟ್ಟಿನ ಚಿನ್ನ ನೋಡಿದ್ದೆ,
ಬರೆದವನು ಹುಟ್ಟಿದ ವರ್ಷ, ಸತ್ತ ವರ್ಷ ನೋಡಿದ್ದೆ,
ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಾವಲಿನ ಹೆಂಗಸಿನ
ತೇಪೆ ಹಾಕಿದ ಕಾಲುಚೀಲವನ್ನೂ.
"ಹೋಗಲಿ, ಕಣ್ಣು? ಉಬ್ಬಿತ್ತಾ, ಗುಳಿ ಬಿದ್ದಿತ್ತಾ?"
ಅದೂ ನೆನಪಿಲ್ಲ.
"ಒಂಬತ್ತು ಯೂರೋ," ಎಂದಳು ಬೂತಾಯಿಗೆ.

ಮರುವಾರ ಬಾವುಟಗುಡ್ಡೆ ಹತ್ತಿಸಿದೆ.
ಅಲ್ಲಿಯ ಚಾಪೆಲಿನಲ್ಲಿ ಇಟಲಿಯಿಂದ ಬಂದವನೊಬ್ಬ
ಬರೆದ ಮುಚ್ಚಿಗೆ ಉಂಟು.
ಮೂವತ್ತೆಂಟು ವರ್ಷ ಗುಡ್ಡೆಯ ಬುಡದ ಮನೆಗಳಿಗೆ
ಮೀನು ಹೊತ್ತವಳು ಒಮ್ಮೆಯೂ ಒಳಗೆ ಹೋದವಳಲ್ಲ.
"ಬುಟ್ಟಿ ಎಲ್ಲಿ ಇಡುವುದು?" ಅಷ್ಟೇ ಕಾರಣ.
ಇವತ್ತು ಬುಟ್ಟಿ ಇಲ್ಲ. ಆದರೂ ಹೊಸಿಲಲ್ಲಿ
ಎರಡೂ ಕೈ ತಲೆಯ ಮೇಲೆ ಹೋದವು,
ಇಳಿಸಲಿಕ್ಕೆ.

ನಾನು ಅದೇ ಗುಡ್ಡೆಯ ಶಾಲೆಯಲ್ಲಿ ಕಲಿತವನು.
ಬೆಂಚಿನಡಿಯಲ್ಲಿ ಗೋಲಿ ಉರುಳಿಸಿದ್ದು ನೆನಪುಂಟು, ಮುಚ್ಚಿಗೆ ಇಲ್ಲ.
ದೂರದ ಅರಮನೆಯೊಂದರಲ್ಲಿ ಕತ್ತು ಎತ್ತಿ ನಿಂತಾಗಲೇ
ಇದನ್ನು ಎಲ್ಲೋ ನೋಡದೆ ಬಿಟ್ಟಿದ್ದೇನೆ
ಎಂದು ಹೊಳೆದದ್ದು.

ಪ್ರವಾಸಿಗಳು ಎರಡು ನಿಮಿಷ ನೋಡಿ ಕತ್ತು ಉಜ್ಜಿಕೊಂಡರು.
ಬುಟ್ಟಿ ಹೊತ್ತು ಹದವಾದ ಕತ್ತು ಅವಳದು,
ಅಲುಗಲಿಲ್ಲ.
ಕೆತ್ತಿದ್ದಲ್ಲ, ಬರೆದದ್ದು ಎಂದರೆ ನಂಬದೆ
ಕಂಬದ ಕಡೆ ಬೆರಳು ಚಾಚಿದಳು.
ಯಾರೋ ಕೆಮ್ಮಿದರು. ಬೆರಳು ಸೆರಗಿಗೆ ಮರಳಿತು.

ಬಹಳ ಹೊತ್ತಿನ ಮೇಲೆ,
"ಈ ನೀಲಿ ನಮ್ಮದಲ್ಲ," ಎಂದಳು.
"ನಮ್ಮ ಆಕಾಶದಲ್ಲಿ ಸ್ವಲ್ಪ ಉಪ್ಪು ಇರುತ್ತದೆ.
ಪಾಪ, ಬರೆಯುವಾಗ ಅವನಿಗೆ
ಊರು ನೆನಪಾಗಿರಬೇಕು."

ಗುಡ್ಡೆ ಇಳಿದು ಸ್ಟೇಟ್‌ಬ್ಯಾಂಕಿನ ಮಾರ್ಕೆಟ್ಟಿಗೆ
ನೇರ ನಡೆದಳು. ಒಂದು ಅಂಜಲಿನ ಮುಂದೆ ಕೂತು
ಕೆನ್ನೆಯ ಮುಚ್ಚಳವನ್ನು ಹೆಬ್ಬೆರಳಲ್ಲಿ ಎತ್ತಿದಳು.
"ತಗೊಳ್ಳುವುದಾದರೆ ಮಾತ್ರ ಮುಟ್ಟಿ, ಅಕ್ಕ!"
ಮಾರುವ ಹುಡುಗಿ ಹೊಸಬಳು, ಇವಳು ಯಾರೆಂದು ಗೊತ್ತಿಲ್ಲ.
"ಬಗ್ಗು," ಎಂದಳು ನನಗೆ. ಬಗ್ಗಿದೆ.

ಒಳಗೆ ಸಾಲು ಸಾಲು ಕಮಾನು,
ಒದ್ದೆ, ದಾಸವಾಳದ ಕೆಂಪು,
ಇನ್ನೂ ಆರದ ಬಣ್ಣದ ಹಾಗೆ.
"ಮುಂದಿನ ಸಲ ಇದನ್ನು ನೋಡಿ ಬಾ."

ಮುಂದಿನ ಕಾಂಟ್ರಾಕ್ಟು ಜನವರಿಗೆ.
ಹಡಗು ಯಾವ ಕಡೆಗೋ, ಕಂಪೆನಿಯವರೇ ಹೇಳುತ್ತಿಲ್ಲ.